ಹಟ್ಟಿಯಿಂದ ಫ್ಲ್ಯಾಟಿನವರೆಗೆ: ಮನೆಯಲ್ಲಿ ಸಾಕುಪ್ರಾಣಿಯ ಜಾಗ

ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಚಾನ್ಹುದಾರೊ ಎಂಬಲ್ಲಿ 1935–36ರಲ್ಲಿ ಅರ್ನೆಸ್ಟ್ ಮೆಕೆ ಎಂಬ ಪುರಾತತ್ವಜ್ಞರು ಉತ್ಖನನ ನಡೆಸಿದರು. ಅದು ಸಿಂಧೂ ನಾಗರಿಕತೆಯ ಒಂದು ಪುಟ್ಟ ಪಟ್ಟಣ. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಒಂದು ಇಟ್ಟಿಗೆಯೂ ಇತ್ತು. ಅದರ ಮೇಲೆ ಎರಡು ಪ್ರಾಣಿಗಳ ಹೆಜ್ಜೆಗಳಿದ್ದವು. ಒಂದು ಬೆಕ್ಕಿನದು, ಇನ್ನೊಂದು ನಾಯಿಯದು. ನಾಯಿಯ ಹೆಜ್ಜೆ ಬೆಕ್ಕಿನ ಹೆಜ್ಜೆಯ ಅಂಚನ್ನು ತುಳಿದಿತ್ತು. ಎರಡೂ ಆಳವಾಗಿ ಒತ್ತಿಕೊಂಡಿದ್ದವು. ಅಂದರೆ ಇಟ್ಟಿಗೆಯನ್ನು ಒಣಗಲು ಹಾಕಿದ್ದ ಅಂಗಳದಲ್ಲಿ ಒಂದು ನಾಯಿ ಒಂದು ಬೆಕ್ಕನ್ನು ಅಟ್ಟಿಸಿಕೊಂಡು ಓಡಿದೆ ಎಂದು ಮೆಕೆ ಊಹಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಜಗಳದಲ್ಲಿ ಗೆದ್ದವರಾರೋ ಇಟ್ಟಿಗೆ ಹೇಳುವುದಿಲ್ಲ.

ಸಿಂಧೂ ನಾಗರಿಕತೆಯ ಮನೆಗಳ ಬಗ್ಗೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸುಟ್ಟ ಇಟ್ಟಿಗೆ, ಬಾವಿ, ಬಚ್ಚಲು, ಮುಚ್ಚಿದ ಚರಂಡಿ ಎಂದು ಬರೆದರೆ ಐದು ಅಂಕ ಸಿಗುತ್ತದೆ. ಆ ಮನೆಗಳಲ್ಲಿ ಮನುಷ್ಯನ ಜೊತೆ ಇನ್ನಾರು ವಾಸವಾಗಿದ್ದರು ಎಂಬ ಪ್ರಶ್ನೆಯನ್ನು ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಸಾಕುಪ್ರಾಣಿಗಳ ಬಗ್ಗೆ ನಾವು ಪ್ರಸಾರ ಮಾಡಿದ ಸಂವಾದದಲ್ಲಿ ವೈದ್ಯರು ಲಸಿಕೆ, ಆಹಾರಗಳ ಬಗ್ಗೆ ವಿವರವಾಗಿ ಮಾತನಾಡಿದರು. ಮನೆಯ ಕಟ್ಟಡ ಮತ್ತು ಪ್ರಾಣಿಗಳ ನಂಟಿನ ಇತಿಹಾಸಕ್ಕೆ ಸಮಯ ಸಿಗಲಿಲ್ಲ. ಆ ಮಾತು ಈ ಪುಟಗಳಲ್ಲಿದೆ.

ನಮ್ಮ ನಾಡಿನಿಂದಲೇ ಆರಂಭಿಸೋಣ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಬೂದಿಗುಡ್ಡಗಳೆಂಬ ದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗವೆಂದು ಜನ ತೋರಿಸುತ್ತಾರೆ. ಹಿಂದಿನ ವಿದ್ವಾಂಸರಲ್ಲಿ ಕೆಲವರು ಇವು ಕಬ್ಬಿಣ ಕರಗಿಸಿದ ಕಿಟ್ಟವೆಂದು ವಾದಿಸಿದ್ದುಂಟು. ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದು ನೋಡಿದಾಗ ನಿಜ ತಿಳಿಯಿತು. ಅವು ನವಶಿಲಾಯುಗದ ದನದ ದೊಡ್ಡಿಗಳು. ಸುತ್ತ ಮರದ ಗೂಟಗಳ ಬೇಲಿ; ಒಳಗೆ ವರ್ಷಗಟ್ಟಲೆ ರಾಶಿಬಿದ್ದು, ಮತ್ತೆ ಮತ್ತೆ ಸುಟ್ಟ ಸಗಣಿ. ಆ ಪದರಗಳ ಮೇಲೆ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು! ಮುಂದೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನರ ವಾಸದ ನೆಲೆಯೂ ಕಂಡಿತು. ದೊಡ್ಡಿಯೂ ಮನೆಯೂ ಒಂದೇ ನೆಲೆಯ ಎರಡು ಭಾಗಗಳಾಗಿದ್ದವು.

ಇದಕ್ಕೆ ನಮ್ಮ ಮಾತಿನಲ್ಲೂ ಒಂದು ಸಾಕ್ಷಿ ಉಳಿದಿದೆ. 'ಹಟ್ಟಿ' ಎಂದರೆ ಕುಂದಾಪುರದ ಕಡೆ ದನದ ಕೊಟ್ಟಿಗೆ. ಚಿತ್ರದುರ್ಗ, ತುಮಕೂರಿನ ಕಡೆ ಅದೇ ಹಟ್ಟಿ ಎಂದರೆ ಜನ ವಾಸಿಸುವ ಕೇರಿ. ಗೊಲ್ಲರಹಟ್ಟಿ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಉತ್ತರ ಕರ್ನಾಟಕಕ್ಕೆ ಹೋದರೆ ಅದು ಮನೆಯ ಮುಂದಿನ ಅಂಗಳ. ದನ ನಿಲ್ಲುವ ಜಾಗಕ್ಕೂ ಜನ ಇರುವ ಜಾಗಕ್ಕೂ ಒಂದೇ ಪದ ಸಾಕಾಗಿತ್ತು.

ಉತ್ತರ ಕರ್ನಾಟಕದ ಹಳೆಯ ಒಕ್ಕಲುಮನೆಯನ್ನು ಒಮ್ಮೆ ಒಳಹೊಕ್ಕು ನೋಡಿ. ತಲೆಬಾಗಿಲು ಅಗಲವಾಗಿರುತ್ತದೆ. ಅತಿಥಿಗಳ ಗೌರವಕ್ಕಾಗಿ ಎಂದುಕೊಂಡರೆ ಅರ್ಧ ನಿಜ. ಕೊಂಬಿನ ಎತ್ತುಗಳು ಗೋಡೆಗೆ ತಾಗದೆ ಒಳಬರಬೇಕಲ್ಲ! ಬಾಗಿಲು ದಾಟಿದರೆ ನೆಲಮಟ್ಟದಲ್ಲಿ ದನದ ಹಕ್ಕಿ. ಆಡುಮಾತಿನಲ್ಲಿ ಅದೇ 'ದಂದಕ್ಕಿ'. ಗೋಡೆಯ ಬದಿಗೆ ಮೇವು ಹಾಕುವ ಗ್ವಾದಲಿ. ಅದರೆದುರು ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದ ಪಡಸಾಲೆ, ಅದಕ್ಕೆ ಮರದ ಕಂಬಗಳು. ಅದರ ಹಿಂದೆ ಅಡುಗೆಮನೆ, ದೇವರಮನೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. (ನಮ್ಮ ಕ್ಯಾಮೆರಾದವರಿಗೆ ಇಂಥ ಮನೆ ಎಂದರೆ ತಲೆನೋವು. ಬೆಳಕಿಂಡಿಯ ಕೆಳಗೆ ಕಣ್ಣು ಕುಕ್ಕುವ ಬೆಳಕು, ನಾಲ್ಕು ಹೆಜ್ಜೆ ಆಚೆ ಎತ್ತಿನ ಕಣ್ಣು ಬಿಟ್ಟರೆ ಬೇರೇನೂ ಕಾಣದಷ್ಟು ಕತ್ತಲೆ.)

ಆ ಎರಡು ಮೂರು ಅಡಿಯ ಎತ್ತರದಲ್ಲಿ ಎಷ್ಟು ಲೆಕ್ಕಾಚಾರವಿದೆ ನೋಡಿ. ಗಂಜಲ ಮೇಲೆ ಹರಿಯದು. ಹೊಟ್ಟು, ಧೂಳು ಪಡಸಾಲೆಗೆ ಬರುವುದು ಕಡಿಮೆ. ಪಡಸಾಲೆಯಲ್ಲಿ ಮಲಗಿದ ರೈತನಿಗೆ ರಾತ್ರಿ ಹಸು ಈಯುವ ಸೂಚನೆ ತಿಳಿಯುತ್ತದೆ, ಹೊಟ್ಟೆ ಉಬ್ಬರಿಸಿದ ಎತ್ತಿನ ನರಳಾಟ ಕೇಳುತ್ತದೆ. ಎತ್ತಿನ ಜೋಡಿ ಎಂದರೆ ಆ ಮನೆಯ ಬಹುಪಾಲು ಬಂಡವಾಳ. ಕಳ್ಳರ ಭಯವಿದ್ದ ಕಾಲದಲ್ಲಿ ಅದನ್ನು ಬೀದಿಯಲ್ಲಿ ಕಟ್ಟುವವರಿರಲಿಲ್ಲ. ಚಳಿಗಾಲದಲ್ಲಿ ಇನ್ನೊಂದು ಲಾಭವಿತ್ತು. ದೊಡ್ಡ ಎತ್ತೊಂದು ಸುಮ್ಮನೆ ಮೆಲುಕು ಹಾಕುತ್ತ ನಿಂತರೂ ಅದರ ದೇಹದಿಂದ ನೂರಾರು ವಾಟ್ ಶಾಖ ಹೊರಬರುತ್ತದೆ. ಎರಡು ಎತ್ತು, ಒಂದು ಹಸು ಇದ್ದ ಮನೆಯಲ್ಲಿ ರಾತ್ರಿಯಿಡೀ ಉರಿಯುವ, ಸೌದೆ ಬೇಡದ ಒಲೆಯೊಂದು ಇದ್ದ ಹಾಗೆ.

ಇದನ್ನೆಲ್ಲ ಹೊಗಳುವ ಭರದಲ್ಲಿ ಇನ್ನೊಂದು ಮಗ್ಗುಲನ್ನು ಮರೆಯಬಾರದು. ದನಗಳಿಂದ ಮನುಷ್ಯರಿಗೆ ಹರಡುವ ರೋಗಗಳಿವೆ; ಬ್ರುಸೆಲ್ಲೋಸಿಸ್, ದನದ ಕ್ಷಯ ಅಂಥವು. ನೊಣಗಳ ಕಾಟವಂತೂ ಇದ್ದದ್ದೇ. ಸಗಣಿ ಸಾರಿಸಿದ ನೆಲ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ವಿಜ್ಞಾನವೇ ಒಪ್ಪಿದೆ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತೇವೆ. ವಿಜ್ಞಾನ ಓದಿದ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಹಸಿ ಸಗಣಿಯಲ್ಲಿ ರೋಗಾಣುಗಳೂ ಇರಬಲ್ಲವು. ಸಗಣಿಯೊಳಗಿನ ನಾರು ಮಣ್ಣನ್ನು ಹಿಡಿದಿಡುತ್ತದೆ, ಧೂಳು ಏಳುವುದಿಲ್ಲ, ನೆಲ ಜಾರುವುದಿಲ್ಲ ಎಂಬಷ್ಟು ಮಾತ್ರ ಕಣ್ಣಿಗೆ ಕಾಣುವ ಸತ್ಯ. ಗೊರಸಿನ ಪ್ರಾಣಿಗೆ ಈ ಕೊನೆಯ ಗುಣವೇ ಮುಖ್ಯ. ಮಲೆನಾಡಿನವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಕೊಟ್ಟಿಗೆ ಮನೆಯಿಂದ ಬೇರೆ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕು ದನದ ಕಾಲಡಿಯ ಹಾಸಿಗೆಯಾಗಿ, ಅದೇ ಮುಂದೆ ಅಡಿಕೆ ತೋಟದ ಗೊಬ್ಬರವಾಗುತ್ತಿತ್ತು. ಅಷ್ಟು ಮಳೆ ಬೀಳುವ ಸೀಮೆಯಲ್ಲಿ ದನವನ್ನು ಒಳಗೆ ಕಟ್ಟಿದ್ದರೆ ಮನೆ ಒಣಗುತ್ತಲೇ ಇರಲಿಲ್ಲ.

ಇಂಥ ಜಾಗ ಇಲ್ಲದ ಮನೆ ಕಟ್ಟಿಕೊಟ್ಟರೆ ಏನಾಗುತ್ತದೆ? ಇದಕ್ಕೆ ನಮ್ಮ ಗಡಿಯಾಚೆ ಒಂದು ಉದಾಹರಣೆ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಕಂಪವಾಯಿತು. ಕಿಲ್ಲಾರಿ ಮತ್ತು ಸುತ್ತಲಿನ ಊರುಗಳಲ್ಲಿ ಮಲಗಿದ್ದ ಸಾವಿರಾರು ಜನ ದಪ್ಪ ಕಲ್ಲುಗೋಡೆ, ಭಾರದ ಮಣ್ಣು ಮಾಳಿಗೆಗಳ ಅಡಿ ಸಿಕ್ಕಿ ಸತ್ತರು. ಬಳಿಕ ಅನೇಕ ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಸಿಮೆಂಟಿನ ಗಟ್ಟಿ ಮನೆಗಳು, ಪಟ್ಟಣದ ಬಡಾವಣೆಯಂತೆ ನೇರ ರಸ್ತೆಗಳು. ಭೂಕಂಪದ ದೃಷ್ಟಿಯಿಂದ ಇದು ಸುಧಾರಣೆಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಹಳೆಯ ವಾಡೆಯ ಅಂಗಳದಲ್ಲಿ ದನಕ್ಕೆ, ಮೇವಿಗೆ, ನೇಗಿಲು ಕೂರಿಗೆಗೆ ಇದ್ದ ಜಾಗ ಅನೇಕ ಹೊಸ ನಕ್ಷೆಗಳಲ್ಲಿ ಇರಲಿಲ್ಲ. ಜನ ಮನೆಗೆ ಆತು ತಗಡಿನ ಚಪ್ಪರ ಎಳೆದುಕೊಂಡರು. ನಕ್ಷೆ ಬರೆದ ಎಂಜಿನಿಯರಿಗೆ ಕುಟುಂಬವೆಂದರೆ ಮನುಷ್ಯರ ತಲೆ ಎಣಿಕೆ ಮಾತ್ರವಾಗಿತ್ತು ಎಂದು ನನಗನ್ನಿಸುತ್ತದೆ.

ಇನ್ನು ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಕಂಡಿದೆ. ಈ ಸಂಗತಿ ಪ್ರಕಟವಾದದ್ದು 2004ರಲ್ಲಿ. ಬೆಕ್ಕು ಮನುಷ್ಯನ ಹತ್ತಿರ ಬಂದದ್ದು ಬೇಸಾಯದ ಜೊತೆಗೆ. ಕಾಳು ಕೂಡಿಟ್ಟಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆದ್ದರಿಂದ ಅದಕ್ಕೆ ಮನೆಯಲ್ಲಿ ಬೇಕಾದದ್ದು ಕೋಣೆಯಲ್ಲ, ದಾರಿ. ನಮ್ಮ ಹೆಂಚಿನ ಮನೆಗಳಲ್ಲಿ ಮಾಡಿನ ಸಂದಿಯಿಂದ, ಬೆಳಕಿಂಡಿಯಿಂದ ಬೆಕ್ಕು ತಾನೇ ದಾರಿ ಮಾಡಿಕೊಳ್ಳುತ್ತಿತ್ತು. ಮನೆಯವರು ಮಾಡಬೇಕಾಗಿದ್ದು ಹಾಲು ಮೊಸರಿನ ರಕ್ಷಣೆ ಮಾತ್ರ. ಅದಕ್ಕಾಗಿ ಹುಟ್ಟಿದ್ದು ನೆಲುವು. ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆಯಲ್ಲಿ ಗಡಿಗೆ. ಸುತ್ತ ಹಾರಿ ನಿಲ್ಲಲು ಏನೂ ಇಲ್ಲ, ಜಿಗಿದರೂ ತೂಗಾಡುತ್ತದೆ. ಸಾಕುಪ್ರಾಣಿಯ ಜೊತೆ ಬಾಳಲು ನಮ್ಮವರು ಕಂಡುಹಿಡಿದ ಗೃಹೋಪಕರಣಗಳಲ್ಲಿ ಇದಕ್ಕಿಂತ ಸರಳವಾದದ್ದು ನನಗೆ ಗೊತ್ತಿಲ್ಲ. ಫ್ರಿಜ್ ಬಂದ ಮೇಲೆ ಅದು ವಸ್ತುಸಂಗ್ರಹಾಲಯ ಸೇರಿತು.

ಚಳಿಗೆ ಬಾಗಿಲು ಮುಚ್ಚಿಕೊಳ್ಳುವ ಯುರೋಪಿನಲ್ಲಿ ಬಾಗಿಲಿಗೇ ತೂತು ಕೊರೆಯಬೇಕಾಯಿತು. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನ ಮಧ್ಯಯುಗದ ಲೆಕ್ಕಪತ್ರಗಳಲ್ಲಿ ಬೆಕ್ಕಿನ ಖರ್ಚಿಗೆಂದು ವಾರಕ್ಕೆ ಒಂದು ಪೆನ್ನಿ ಕೊಟ್ಟ ದಾಖಲೆಯಿದೆ. 1598ರಲ್ಲಿ ಅಲ್ಲಿನ ಬಿಷಪ್ ವಿಲಿಯಂ ಕಾಟನ್, ಗಡಿಯಾರದ ಕೆಳಗಿನ ಬಾಗಿಲಿನಲ್ಲಿ ಬೆಕ್ಕಿಗೊಂದು ತೂತು ಕೊರೆಯಲು ಬಡಗಿಗೆ ಎಂಟು ಪೆನ್ಸ್ ಕೊಟ್ಟರು. ಆ ತೂತು ಇಂದಿಗೂ ಇದೆ. ಬೆಕ್ಕಿನ ಬಾಗಿಲನ್ನು ಕಂಡುಹಿಡಿದವನು ನ್ಯೂಟನ್, ಅವನು ದೊಡ್ಡ ಬೆಕ್ಕಿಗೆ ದೊಡ್ಡ ತೂತು, ಮರಿಗೆ ಚಿಕ್ಕ ತೂತು ಕೊರೆಸಿದ ಎಂಬ ಕತೆಯನ್ನು ನಿಮ್ಮ ವಿಜ್ಞಾನದ ಮೇಷ್ಟ್ರು ಹೇಳಿರಬಹುದು. ಕತೆ ಚೆನ್ನಾಗಿದೆ, ಆದರೆ ತಾರೀಖು ಕೂಡಿಬರುವುದಿಲ್ಲ. ನ್ಯೂಟನ್ ಹುಟ್ಟಿದ್ದು 1642ರಲ್ಲಿ. ಅದಕ್ಕೆ ಎರಡು ಶತಮಾನಕ್ಕೂ ಹಿಂದೆ ಇಂಗ್ಲಿಷ್ ಕವಿ ಚಾಸರ್ ತನ್ನ ಒಂದು ಕತೆಯಲ್ಲಿ ಬೆಕ್ಕು ನುಸುಳುವ ತೂತನ್ನು ಹೆಸರಿಸಿದ್ದಾನೆ.

ನಾಯಿಯ ಜಾಗ ಹೊಸ್ತಿಲು. ಇಟಲಿಯ ಪೊಂಪೆಯಿ ನಗರದ ಒಂದು ಮನೆಯ ಪ್ರವೇಶದ ನೆಲದಲ್ಲಿ, ಬಣ್ಣದ ಕಲ್ಲು ಹರಳುಗಳಿಂದ ಸರಪಣಿ ಹಾಕಿದ ಕಪ್ಪು ನಾಯಿಯೊಂದನ್ನು ರಚಿಸಿ, ಕೆಳಗೆ ಲ್ಯಾಟಿನ್ ಭಾಷೆಯಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂದು ಬರೆಸಲಾಗಿದೆ. ನಮ್ಮ ಗೇಟುಗಳ ಮೇಲಿನ ಫಲಕಕ್ಕೆ ಎರಡು ಸಾವಿರ ವರ್ಷದ ವಂಶಾವಳಿ! ಆದರೆ ಅದೇ ಊರಿನ ಇನ್ನೊಂದು ಮನೆಯಲ್ಲಿ 1874ರಲ್ಲಿ ಸಿಕ್ಕಿದ್ದನ್ನು ನೋಡಿದರೆ ನಗು ಬರುವುದಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿದಾಗ ಮನೆಯವರು ಓಡಿಹೋಗಿದ್ದರು, ಬಾಗಿಲಲ್ಲಿ ಕಟ್ಟಿದ ನಾಯಿ ಉಳಿದುಕೊಂಡಿತು. ಬೂದಿಯಲ್ಲಿ ಉಳಿದ ಟೊಳ್ಳಿಗೆ ಪ್ಲಾಸ್ಟರ್ ಸುರಿದಾಗ, ಬೆನ್ನ ಮೇಲೆ ಹೊರಳಿ ನುಲಿದುಕೊಂಡ ಅದರ ದೇಹ ಕೊರಳಪಟ್ಟಿ ಸಹಿತ ಮೂಡಿಬಂತು. ಮನೆಯಲ್ಲಿ ಅದಕ್ಕೆ ಕೊಟ್ಟಿದ್ದ ಜಾಗ ಸರಪಣಿಯ ಉದ್ದದಷ್ಟು.

ನಮ್ಮಲ್ಲೂ ನಾಯಿಗೆ ಗೌರವ ಒಂದು ಕಡೆ, ಜಾಗ ಇನ್ನೊಂದು ಕಡೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮಗೆ ಗೊತ್ತಿರಬೇಕು. 949–50ರ ಕಾಲದ ಆ ಕಲ್ಲಿನಲ್ಲಿ, ಗಂಗ ದೊರೆ ಬೂತುಗನಿಂದ ಮಣಲೇರ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯಿದೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಪತ್ತು. ಇಷ್ಟು ಗೌರವ ಕಂಡ ನಾಡಿನಲ್ಲೂ ಮನೆಯ ನಾಯಿ ಮಲಗುತ್ತಿದ್ದುದು ಜಗುಲಿಯ ಕೆಳಗೆ, ಹಿತ್ತಿಲಿನ ಬೂದಿ ತಿಪ್ಪೆಯ ಮೇಲೆ.

ಹೀಗೆ ಹಳೆಯ ಮನೆಯಲ್ಲಿ ಪ್ರಾಣಿಯ ಜಾಗವನ್ನು ಅದರ ಕೆಲಸ ನಿರ್ಧರಿಸುತ್ತಿತ್ತು. ದುಡಿಯದ, ಮುದ್ದಿನ ಪ್ರಾಣಿಗೆ ಪೀಠೋಪಕರಣ ಮಾಡಿಸುವುದು ಬಹುಕಾಲ ಅರಮನೆಗಳ ಶೋಕಿಯಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 1775–80ರ ಒಂದು ಫ್ರೆಂಚ್ ನಾಯಿಗೂಡು ಇದೆ. ಚಿನ್ನದ ಲೇಪ, ರೇಷ್ಮೆ, ಮಖಮಲ್ಲು. ಸಾಮಾನ್ಯರ ಮನೆಯೊಳಗೆ ಬೆಕ್ಕು ಹಗಲಿರುಳೂ ಇರುವಂತೆ ಮಾಡಿದ್ದು ಅಂಥ ವೈಭವವಲ್ಲ, ಮಣ್ಣು. 1947ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬ ವ್ಯಾಪಾರಿ, ನೆರೆಯಾಕೆ ಬೆಕ್ಕಿನ ತಟ್ಟೆಗೆ ಮರಳು ಕೇಳಲು ಬಂದಾಗ, ಕಾರ್ಖಾನೆಗಳ ನೆಲದ ಎಣ್ಣೆ ಹೀರಲು ಮಾರುತ್ತಿದ್ದ ಹರಳು ಜೇಡಿಯನ್ನು ಕೊಟ್ಟ. ಅದು ನಮ್ಮ ಮುಲ್ತಾನಿ ಮಿಟ್ಟಿಯ ಜಾತಿಯ ಜೇಡಿ. ಅದರ ಕಣಗಳಲ್ಲಿನ ಸೂಕ್ಷ್ಮ ರಂಧ್ರಗಳು ತೇವವನ್ನೂ ವಾಸನೆಯನ್ನೂ ಹಿಡಿದಿಡುತ್ತವೆ. ಮೂರನೆಯ ಮಹಡಿಯಲ್ಲಿ ಬೆಕ್ಕು ಸಾಕುವುದು ಸುಲಭವಾದದ್ದು ಆಮೇಲೆ.

ಈಗ ನಮ್ಮ ಫ್ಲ್ಯಾಟುಗಳಿಗೆ ಬರೋಣ. ಪ್ರಾಣಿ ಹೊಸ್ತಿಲು ದಾಟಿ ಒಳಬಂದಿದೆ, ಸೋಫಾ ಕೂಡ ಹತ್ತಿದೆ. ಆದರೆ ಮನೆ ಅದಕ್ಕಾಗಿ ಕಟ್ಟಿದ್ದಲ್ಲ. ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ನೆಲದ ಮೇಲೆ ವಯಸ್ಸಾದ ನಾಯಿ ಏಳಲು ಹೋಗಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರುವುದನ್ನು ನೀವು ನೋಡಿರಬಹುದು. ಘರ್ಷಣೆ ಸಾಲದು, ಉಗುರು ಮಣ್ಣನ್ನು ಕಚ್ಚುತ್ತದೆ, ಟೈಲ್ಸನ್ನು ಕಚ್ಚದು. ಅದು ಓಡಾಡುವ ದಾರಿಯಲ್ಲಿ, ಅನ್ನದ ತಟ್ಟೆಯ ಮುಂದೆ, ಅಡಿಯಲ್ಲಿ ರಬ್ಬರ್ ಇರುವ ಚಾಪೆ ಹಾಕಿದರೆ ಸಾಕು. ಬಣ್ಣ ಆರಿಸುವಾಗ ನಾಯಿಯ ಕಣ್ಣನ್ನೂ ಕೇಳಬಹುದು. ಅದಕ್ಕೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಹಸಿರುಗಳ ಭೇದ ತಿಳಿಯದು. 1989ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿದವು. ಹಸಿರು ಜಮಖಾನೆಯ ಮೇಲೆ ಬಿದ್ದ ಕೆಂಪು ಚೆಂಡನ್ನು ಅದು ಮೂಗಿನಿಂದಲೇ ಹುಡುಕಬೇಕು.

ನೆಲ ಒರೆಸುವ ನೀರಿನ ವಿಷಯ ಇದಕ್ಕಿಂತ ಗಂಭೀರ. ನಮ್ಮ ಅನೇಕ ಮನೆಗಳಲ್ಲಿ ಶುಚಿ ಎಂದರೆ ಫಿನಾಯಿಲ್ ವಾಸನೆ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿವೆ. ನಮ್ಮ ಯಕೃತ್ತು ಇಂಥವನ್ನು ಗ್ಲುಕ್ಯುರಾನಿಕ್ ಆಮ್ಲದೊಡನೆ ಕೂಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಸಾಮರ್ಥ್ಯ ತೀರ ಕಡಿಮೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕುಳಿತು ಪಾದ ನೆಕ್ಕಿಕೊಳ್ಳುತ್ತದೆ; ವಿಷ ಒಳಸೇರುವುದು ಹೀಗೆ. ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ಮಾರಕವಾಗುವುದಕ್ಕೂ ಇಂಥದೇ ಕಾರಣ. ನೆಲವನ್ನು ಬರಿಯ ನೀರಿನಿಂದ, ಇಲ್ಲವೇ ಸ್ವಲ್ಪ ಸೋಪಿನ ನೀರಿನಿಂದ ಒರೆಸಿ, ಮತ್ತೆ ನೀರಿನಿಂದ ಒರೆಸಿ, ಒಣಗುವ ತನಕ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಬೀರುವಿನ ನುಸಿಗುಳಿಗೆ ಅದರ ಬಾಯಿಗೆ ಸಿಗಬಾರದು. ಹೂದಾನಿಯಲ್ಲಿ ಲಿಲ್ಲಿ ಹೂವಂತೂ ಬೇಡವೇ ಬೇಡ. ಅದರ ಎಲೆ, ಪರಾಗ ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡಬಲ್ಲದು.

ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ಬೀಳುತ್ತದೆ ಎಂಬ ಧೈರ್ಯದಲ್ಲಿ ಬಾಲ್ಕನಿಯನ್ನು ತೆರೆದಿಡುವವರಿದ್ದಾರೆ. ನ್ಯೂಯಾರ್ಕಿನ ಒಂದು ಪಶು ಆಸ್ಪತ್ರೆಗೆ 1984ರಲ್ಲಿ ಐದು ತಿಂಗಳ ಅವಧಿಯಲ್ಲಿ ಮಹಡಿಯಿಂದ ಬಿದ್ದ 132 ಬೆಕ್ಕುಗಳು ಬಂದವು. 1987ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90ರಷ್ಟು ಬದುಕಿದವು. ಅಂಕಿಅಂಶ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರು ತರುತ್ತಾರೆ? ಪಾರಿವಾಳ ಬಾರದಿರಲೆಂದು ಕಟ್ಟುವ ಬಲೆಯನ್ನೇ ಸ್ವಲ್ಪ ಗಟ್ಟಿಯಾಗಿ ಕಟ್ಟಿಸಿದರೆ ಬೆಕ್ಕೂ ಉಳಿಯುತ್ತದೆ. ಕಿಟಕಿಯ ಬಳಿ ಗೋಡೆಗೆ ಎರಡು ಹಲಗೆ ಹೊಡೆದುಕೊಟ್ಟರೆ ಅದು ಮಾಡಿನ ತೊಲೆಯ ಮೇಲೆ ಕೂರುತ್ತಿದ್ದ ತನ್ನ ಪೂರ್ವಜರಂತೆ ಎತ್ತರದಲ್ಲಿ ಕುಳಿತು ಬೀದಿ ನೋಡುತ್ತದೆ.

ವಾಸ್ತುಶಿಲ್ಪ ಓದಬೇಕೆಂದಿರುವವರಿಗೆ ಕೊನೆಯದಾಗಿ ಒಂದು ಸಂಗತಿ. 1956ರಲ್ಲಿ ಕ್ಯಾಲಿಫೋರ್ನಿಯದ ಜಿಮ್ ಬರ್ಜರ್ ಎಂಬ 12 ವರ್ಷದ ಹುಡುಗ, ತನ್ನ ತಂದೆಯ ಮನೆಯ ನಕ್ಷೆ ಬರೆದಿದ್ದ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಪತ್ರ ಬರೆದು, ತನ್ನ ಎಡ್ಡಿ ಎಂಬ ನಾಯಿಗೂ ಒಂದು ಮನೆ ಬೇಕೆಂದ. ಪತ್ರಿಕೆ ಹಂಚಿ ಗಳಿಸಿದ ಹಣ ಕೊಡುವುದಾಗಿಯೂ ತಿಳಿಸಿದ. ರೈಟ್ ಆಗ ಬಿಡುವಿಲ್ಲವೆಂದು ಉತ್ತರಿಸಿ, ಮರುವರ್ಷ ನೆನಪಿಸಿದಾಗ ತ್ರಿಕೋನಾಕಾರದ ಮನೆಯೊಂದರ ನಕ್ಷೆಯನ್ನು ಹಣ ಕೇಳದೆ ಕಳಿಸಿದರು. 1963ರಲ್ಲಿ, ಜಿಮ್ ಸೈನ್ಯದಲ್ಲಿದ್ದಾಗ, ಅವನ ತಂದೆ ಮತ್ತು ಸಹೋದರ ಅದನ್ನು ಕಟ್ಟಿದರು. ಮನೆ ಅಂದವಾಗಿತ್ತು, ಆದರೆ ಮಳೆಗೆ ಸೋರುತ್ತಿತ್ತು. ಎಡ್ಡಿಗೆ ಅದು ಹಿಡಿಸಲೇ ಇಲ್ಲ. ಕೆಲವು ವರ್ಷಗಳ ನಂತರ ಮನೆಯವರು ಅದನ್ನು ಎಸೆದುಬಿಟ್ಟರು. ನಕ್ಷೆ ಮಾತ್ರ ಉಳಿದಿತ್ತು. 2010ರಲ್ಲಿ ಒಂದು ಸಾಕ್ಷ್ಯಚಿತ್ರಕ್ಕಾಗಿ ಅರವತ್ತು ದಾಟಿದ ಜಿಮ್ ಮತ್ತು ಸಹೋದರ ಅದೇ ನಕ್ಷೆ ಹಿಡಿದು ಮತ್ತೊಮ್ಮೆ ಅದನ್ನು ಕಟ್ಟಿದರು.